ಗಿರಾಕಿಯ ಮಾಂಸ

‘ಕಟುಕ’ ಎಂಬ ಪದವನ್ನು ನೀವು ಕೊನೆಯ ಬಾರಿ ಯಾರ ಮುಖಕ್ಕೆ ಎಸೆದಿರಿ, ಹೇಳಬಲ್ಲಿರಾ? ರಜೆ ಕೊಡದ ಮೇಲಧಿಕಾರಿಗೋ, ಮಗುವಿನ ಕೆನ್ನೆ ಕೆಂಪಾಗಿಸಿದ ನೆರೆಯವನಿಗೋ, ನಿಮ್ಮ ಕಣ್ಣೀರಿಗೆ ಕರಗದ ಇನ್ನಾರಿಗೋ ಎಸೆದಿರುತ್ತೀರಿ. ಎಸೆಯುವಾಗ ನಿಮ್ಮ ನಾಲಿಗೆ ತಡವರಿಸಿರಲಾರದು. ಅದು ಒಂದು ಕಸುಬಿನ ಹೆಸರು. ಆ ಕಸುಬಿನ ಅನ್ನ ಉಂಡು, ಓದಿ, ದೊಡ್ಡವರಾದವರು ಅದೇ ಕೋಣೆಯಲ್ಲಿ ತಲೆ ತಗ್ಗಿಸಿ ಕುಳಿತಿರಬಹುದು ಎಂಬ ಯೋಚನೆಯೂ ನಿಮಗೆ ಸುಳಿದಿರಲಾರದು.

ಹಾಗೆ ತಲೆ ತಗ್ಗಿಸಿ ಕುಳಿತವಳೊಬ್ಬಳ ಕಥೆ ಇದು. ಅವಳ ತಪ್ಪು ನಿಮ್ಮದಕ್ಕಿಂತ ದೊಡ್ಡದು. ನೀವು ಆ ಪದವನ್ನು ಬೈಗುಳವಾಗಿಯಾದರೂ ಆಡಿದಿರಿ. ಅವಳು ಅದನ್ನು ಬಾಯಿಗೇ ತಂದುಕೊಳ್ಳಲಿಲ್ಲ.

ಅವಳು ಗ್ರಂಥಪಾಲಕಿ. ಊರಿನ ಗ್ರಂಥಾಲಯದ ಮೊದಲ ಮಹಡಿಯಲ್ಲಿ, ವರ್ಗೀಕರಣದ ಮೇಜಿನ ಹಿಂದೆ ಹತ್ತೊಂಬತ್ತು ವರ್ಷಗಳಿಂದ ಕುಳಿತವಳು. ಹೊಸ ಪುಸ್ತಕದ ಬೆನ್ನಿಗೆ ಸಂಖ್ಯೆ ಅಂಟಿಸುವುದು, ಹರಿದ ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕುವುದು ಅವಳ ಕೆಲಸ. ಅವಳು ಮಡಿಸಿದ ಮೂಲೆಗಳು ಎಷ್ಟು ಚೂಪಾಗಿ ಕೂರುತ್ತಿದ್ದವೆಂದರೆ ಸಹೋದ್ಯೋಗಿಗಳು, ‘ಇದನ್ನ ಎಲ್ಲಿ ಕಲಿತ್ರಿ ಮೇಡಂ?’ ಎಂದು ಕೇಳುತ್ತಿದ್ದರು. ‘ಹೀಗೇ, ಮನೆಯಲ್ಲಿ’ ಎನ್ನುತ್ತಿದ್ದಳು. ಸುಳ್ಳಲ್ಲ. ಆದರೆ ನಿಜದ ದೊಡ್ಡ ಪಾಲನ್ನು ನುಂಗಿದ ಉತ್ತರ.

ನುಂಗಿದ ಪಾಲು ಇದು: ಅವಳಿಗೆ ಎಂಟು ವರ್ಷವಾಗಿದ್ದಾಗ ಒಂದೇ ವರ್ಷದಲ್ಲಿ ತಂದೆಯೂ ತಾಯಿಯೂ ತೀರಿಕೊಂಡರು. ಹದಿನೆಂಟರ ಅಣ್ಣ ಅಪ್ಪನ ಮಾಂಸದಂಗಡಿಯಲ್ಲಿ, ಮಾಂಸ ಕಡಿಯುವ ಕೊರಡಿನ ಮುಂದೆ ನಿಂತ. ಶಾಲೆ ಶುರುವಾಗುವ ಹಿಂದಿನ ದಿನ ಅವನು ಕೈಯನ್ನು ಮೂರು ಸಲ ಸೋಪು ಹಚ್ಚಿ ತೊಳೆದು, ಮಾಂಸ ಕಟ್ಟುವ ಕಂದು ಕಾಗದದ ಹೊಚ್ಚಹೊಸ ಹಾಳೆಗಳನ್ನು ನೆಲದ ಮೇಲೆ ಹರಡಿ, ತಂಗಿಯ ಪುಸ್ತಕಗಳಿಗೆ ಒಂದೊಂದಾಗಿ ಹೊದಿಕೆ ಹಾಕುತ್ತಿದ್ದ. ‘ಪುಟ್ಟೀ, ನೀನು ಆ ತುದಿ ಹಿಡ್ಕೋ. ಅಲ್ಲಾಡಿಸ್ಬೇಡ. ಮೂಲೆ ಮಡಚೋದ್ರಲ್ಲೇ ಇರೋದು ಮರ್ಯಾದೆ.’ ಪೊಟ್ಟಣ ಕಟ್ಟುವವನ ಕೈ ಅದು. ತರಗತಿಯಲ್ಲಿ ಅವಳ ಪುಸ್ತಕಗಳಷ್ಟು ಅಚ್ಚುಕಟ್ಟಾದವು ಇನ್ನೊಬ್ಬರ ಚೀಲದಲ್ಲಿರಲಿಲ್ಲ.

ಓದಿದವಳು ಏನು ಮಾಡಿದಳು? ಮೊದಲು ಮನೆಯ ಮಾತನ್ನು ಬಿಟ್ಟಳು. ‘ನಮ್ದು’ ‘ನಿಮ್ದು’ ಎಂಬುದನ್ನು ಕಾಲೇಜಿನ ಮೊದಲ ವರ್ಷದಲ್ಲೇ ಕಳಚಿಟ್ಟು, ‘ನಮ್ಮದು’ ‘ನಿಮ್ಮದು’ ಎಂದು ಅಕ್ಷರ ಅಕ್ಷರಕ್ಕೂ ಇಸ್ತ್ರಿ ಹಾಕಿ ಆಡತೊಡಗಿದಳು. ಇದನ್ನು ತಪ್ಪೆನ್ನಲಾರೆ. ಆದರೆ ಏಳು ವರ್ಷಗಳ ಹಿಂದೆ, ಗ್ರಂಥಾಲಯದ ಹೊಸ ವಾಚನಾಲಯ ತೆರೆದ ದಿನ ಅವಳು ಆಡಿದ ಮಾತಿಗೆ ಕ್ಷಮೆಯಿಲ್ಲ.

ಆ ದಿನ ಅವಳು ಕನ್ನಡಕವನ್ನು ಮನೆಯಲ್ಲೇ ಮರೆತು ಬಂದಿದ್ದಳು. ಮಾಡಬೇಕಾದ ಸ್ವಾಗತ ಭಾಷಣ ಕಾಗದದಲ್ಲಿತ್ತು. ಅಣ್ಣ ಮನೆಯಲ್ಲಿ ಕನ್ನಡಕವನ್ನು ಕಂಡು, ಅಂಗಡಿಯ ಬಾಗಿಲು ಅರ್ಧ ಎಳೆದು, ಮೇಲಂಗಿ ಬಿಚ್ಚುವುದನ್ನೂ ಮರೆತು ಓಡಿ ಬಂದ. ಮೆಟ್ಟಿಲು ಹತ್ತಿ ಬಂದವನ ಎದೆಯ ಮೇಲೆ ಬೆಳಗಿನ ಕೆಲಸದ ಕಲೆಗಳಿದ್ದವು. ಕನ್ನಡಕವನ್ನು ಮಾತ್ರ ಕಂದು ಕಾಗದದಲ್ಲಿ, ಮೂಲೆ ಮಡಚಿ, ಕಟ್ಟಿ ತಂದಿದ್ದ.

ಮುಖ್ಯ ಗ್ರಂಥಪಾಲಕರು ಹುಬ್ಬೇರಿಸಿ ಕೇಳಿದರು: ‘ಯಾರಮ್ಮ ಇವರು?’

‘ಪರಿಚಯದವರು ಸರ್’ ಎಂದಳು.

ಅಣ್ಣ ಪೊಟ್ಟಣವನ್ನು ಮೇಜಿನ ಮೇಲಿಟ್ಟ. ‘ಹೌದು ಸರ್, ಪರಿಚಯ’ ಎಂದ. ಅವಳ ಕಡೆ ತಿರುಗಿ, ‘ಇಲ್ಲಿಟ್ಟಿದೀನಿ, ತಗೊಳ್ಳಿ’ ಎಂದು ಇಳಿದು ಹೋದ.

ತಗೊಳ್ಳಿ! ಅಂದಿನಿಂದ ಅವನು ತಂಗಿಯನ್ನು ಬಹುವಚನದಲ್ಲೇ ಮಾತಾಡಿಸಿದ. ಜಗಳವಿಲ್ಲ, ಒಂದು ಬಿರುಸು ಮಾತಿಲ್ಲ. ಅವಳು ಬೇರೆ ಮನೆ ಮಾಡಿದಳು. ವರ್ಷಕ್ಕೆರಡು ಸಲ ಅವನ ಮನೆಗೆ ಹೋದರೆ, ‘ಬನ್ನಿ. ಕೂತ್ಕೊಳ್ಳಿ. ನೀವು ಚೆನ್ನಾಗಿದೀರಾ?’ ಎಂದು ಕುರ್ಚಿ ಒರೆಸಿ ಕೊಡುತ್ತಿದ್ದ. ಅಂಗಡಿಯತ್ತ ಅವಳು ಮತ್ತೆ ಕಾಲಿಡಲಿಲ್ಲ. ‘ಏನೇ ಪುಟ್ಟಿ’ ಎಂದು ಅವನು ಒಮ್ಮೆ ಗದರಿದ್ದರೂ ಅವಳು ಅಲ್ಲೇ ಕುಸಿದು ಅತ್ತುಬಿಡುತ್ತಿದ್ದಳು. ಅವನು ಗದರಲಿಲ್ಲ. ಮರ್ಯಾದೆ ಕೊಟ್ಟು ದೂರವಿಟ್ಟ. ನಮ್ಮ ಭಾಷೆಯಲ್ಲಿ ಅದಕ್ಕಿಂತ ನಯವಾದ ಶಿಕ್ಷೆ ಇನ್ನೊಂದಿಲ್ಲ. ಏಳು ವರ್ಷ ಅವಳು ಒಂದೇ ಒಂದು ‘ನೀನು’ಗಾಗಿ ಹಂಬಲಿಸಿದಳು, ಕೇಳಿ ಪಡೆಯುವ ಧೈರ್ಯ ಮಾತ್ರ ಮಾಡಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಕೊರಡಿನ ಮುಂದೆಯೇ ಅಣ್ಣನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಿದ್ದುಹೋಯಿತು. ಮಾತೂ ಹೋಯಿತು. ಪೂರ್ತಿಯಲ್ಲ, ಒಂದೇ ಒಂದು ಪದ ಉಳಿಯಿತು: ‘ನಮ್ದು.’

ಚೇತರಿಕೆ ಕೇಂದ್ರದ ವಾರ್ಡಿನಲ್ಲಿ ಊಟದ ತಟ್ಟೆ ಬಂದಾಗಲೆಲ್ಲ ಅವನು ಎಡಗೈ ಅಂಗೈಯನ್ನು ಬಿಡಿಸಿ ‘ನಮ್ದು’ ಎನ್ನುತ್ತಿದ್ದ, ಆಮೇಲೆ ತಿನ್ನುತ್ತಿದ್ದ. ನರ್ಸು ನಗುತ್ತಿದ್ದಳು: ‘ನಿಮ್ದೇ ಅಣ್ಣಾ, ಯಾರೂ ಕಿತ್ಕೊಳ್ಳಲ್ಲ, ತಿನ್ನಿ.’ ತಂಗಿಗೆ ನಗು ಬರುತ್ತಿರಲಿಲ್ಲ. ಅವಳ ಕಿವಿಗೆ ಅದು ದೂರಿನಂತೆ ಕೇಳಿಸುತ್ತಿತ್ತು. ನಮ್ಮದು ಎನ್ನಬೇಕಾದ ಕಡೆ ಪರಿಚಯ ಎಂದವಳಲ್ಲವೇ ಅವಳು?

ಸೇರಿಸುವಾಗ ತುಂಬಿದ ಅರ್ಜಿಯಲ್ಲಿ ‘ರೋಗಿಯ ಉದ್ಯೋಗ’ ಎಂಬ ಅಂಕಣವಿತ್ತು. ಅವಳು ‘ವ್ಯಾಪಾರ’ ಎಂದು ಬರೆದಳು. ಈ ಸಣ್ಣ ವಿಷಯವನ್ನು ನೆನಪಿಟ್ಟುಕೊಳ್ಳಿ.

ಅಣ್ಣನ ನಾಯಿ ಅವಳ ಮನೆಗೆ ಬಂತು. ಅದರ ಹೆಸರು ಗುಮಾಸ್ತ. ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ, ಮುಂಗಾಲು ಜೋಡಿಸಿ, ಗಂಭೀರವಾಗಿ ಕೂರುತ್ತಿದ್ದುದರಿಂದ ಗಿರಾಕಿಗಳು ಇಟ್ಟ ಹೆಸರು. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಅರ್ಧಕ್ಕೆ ಮಡಚಿಕೊಂಡದ್ದು. ಎರಡನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಅದು ಪುಸ್ತಕದ ಕಪಾಟಿನ ಕೆಳಗೆ ಜಾಗ ಮಾಡಿಕೊಂಡಿತು. ತಂಗಿ ಕುಕ್ಕರಿನಲ್ಲಿ ಅನ್ನ, ಕ್ಯಾರೆಟ್ಟು, ಕೋಳಿ ಒಟ್ಟಿಗೆ ಬೇಯಿಸಿ ಹಾಕಿದಳು. ಅದು ಸದ್ದಿಲ್ಲದೆ ತಿಂದಿತು. ಐದು ವಾರ ಕಳೆಯುವಷ್ಟರಲ್ಲಿ ಹೊಟ್ಟೆಯ ಕೆಳಗೆ ಕೂದಲು ಉದುರಿ, ಕೆರೆದು ಕೆರೆದು ಚರ್ಮ ಕೆಂಪಾಯಿತು. ಇನ್ನೆರಡು ವಾರದಲ್ಲಿ, ಒಂದು ಭಾನುವಾರ, ಅಣ್ಣನನ್ನು ಮೊದಲ ಬಾರಿ ಗಾಲಿಕುರ್ಚಿಯಲ್ಲಿ ತೋಟಕ್ಕೆ ಇಳಿಸುತ್ತೇವೆ, ನಾಯಿಯನ್ನು ಕರೆತರಬಹುದು ಎಂದು ಡಾಕ್ಟರು ಹೇಳಿದ್ದರು. ಬೋಳು ಹೊಟ್ಟೆಯ ನಾಯಿಯನ್ನು ಅಣ್ಣನ ಮುಂದೆ ಹೇಗೆ ನಿಲ್ಲಿಸುವುದು? ಅವನದೆಂದು ಅವಳ ಕೈಗೆ ಬಂದದ್ದು ಇದೊಂದೇ. ಇದನ್ನೂ ಕೆಡಿಸಿದಳು ಎಂದಾಗಬಾರದು. ಈ ಭಯ ಅವಳ ಎದೆಯಲ್ಲಿ ಕೂತಿತು.

ಆಗ ಸಿಕ್ಕವನು ಮೇಲಿನ ಮಹಡಿಯ ಜಿಮ್ ಮಾಸ್ತರ. ಎರಡು ದೊಡ್ಡ ನಾಯಿಗಳನ್ನು ಸಾಕಿ, ಎರಡಕ್ಕೂ ಹಸಿ ಮಾಂಸವನ್ನೇ ಹಾಕಿ, ಅವುಗಳ ಹಲ್ಲನ್ನು ದಾರಿಹೋಕರಿಗೆಲ್ಲ ತೋರಿಸುವವನು.

‘ಮೇಡಂ, ತೋಳ ಎಲ್ಲಾದ್ರೂ ಕುಕ್ಕರ್ ಇಟ್ಕೊಂಡಿರತ್ತಾ?’

‘ತೋಳ ಲಿಫ್ಟಿನಲ್ಲೂ ಓಡಾಡುವುದಿಲ್ಲವಲ್ಲ’ ಎಂದಳು ಅವಳು.

‘ತಮಾಷೆ ಬಿಡಿ. ಬೇಯಿಸಿದ್ದೇ ವಿಷ. ಹಸಿ ಮಾಂಸ, ಸ್ವಲ್ಪ ಲಿವರು, ಒಂದು ಮೊಟ್ಟೆ. ತಿಂಗಳಲ್ಲಿ ಚರ್ಮ ಕನ್ನಡಿ ಆಗತ್ತೆ. ಒಂದೇ ಮಾತು: ಮೊದಲು ಹಟ ಮಾಡತ್ತೆ, ಮಣೀಬೇಡಿ. ಹೊಟ್ಟೆ ಹಸಿದ್ರೆ ತಾನೇ ದಾರಿಗೆ ಬರತ್ತೆ.’

ಅವಳು ಕಣ್ಣು ಮುಚ್ಚಿ ನಂಬುವವಳಲ್ಲ. ಗ್ರಂಥಾಲಯದಿಂದ ಮೂರು ಪುಸ್ತಕ ತಂದಳು, ಲೇಖನಗಳನ್ನು ಅಚ್ಚು ತೆಗೆದು ಅಂಚಿನಲ್ಲಿ ಟಿಪ್ಪಣಿ ಬರೆದಳು, ಮಾಂಸವನ್ನು ಎಷ್ಟು ದಿನ ಹಿಮಗಟ್ಟಿಸಿಡಬೇಕು, ಯಾವ ಮೂಳೆ ಕೊಡಬಾರದು, ಬಟ್ಟಲನ್ನು ಯಾವ ನೀರಿನಲ್ಲಿ ತೊಳೆಯಬೇಕು ಎಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದಳು. ಮೂವತ್ತೈದು ವರ್ಷ ಮಾಂಸದ ನಡುವೆ ಬದುಕಿ, ಆ ನಾಯಿಯನ್ನು ಮರಿಯಿಂದ ಸಾಕಿದ ಮನುಷ್ಯ ನಾಲ್ಕು ಬೀದಿಗಳಾಚೆ ಮಲಗಿದ್ದ. ಅವನನ್ನು ಕೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ. ಮಾತು ಹೋದವನನ್ನು ಏನು ಕೇಳುವುದು? ನಾವೆಲ್ಲ ಹೀಗೇ. ಅಚ್ಚಾದದ್ದನ್ನು ಓದುತ್ತೇವೆ, ಬಾಯಿ ಜೋರಿದ್ದವರನ್ನು ನಂಬುತ್ತೇವೆ, ತಿಳಿದವನ ಬಾಯಿ ಬಿದ್ದಿದ್ದರೆ ಅವನ ತಿಳಿವೂ ಬಿದ್ದುಹೋಯಿತೆಂದು ತೀರ್ಮಾನಿಸುತ್ತೇವೆ.

ಆ ಭಾನುವಾರಕ್ಕೆ ಆರೇ ದಿನ ಉಳಿದಿದ್ದ ಸೋಮವಾರ ಬೆಳಿಗ್ಗೆ ಅವಳು ಅಡುಗೆಮನೆಯ ಬಾಗಿಲ ಬಳಿ ಬಟ್ಟಲಿಟ್ಟಳು. ಕೆಂಪು ತುಂಡುಗಳನ್ನು ಕಂಡದ್ದೇ ಗುಮಾಸ್ತ ಎದ್ದು ಬಂತು. ಮೂಸಲಿಲ್ಲ. ಬಟ್ಟಲಿಗೆ ಬೆನ್ನು ಹಾಕಿ, ಮುಂಬಾಗಿಲಿನತ್ತ ಮುಖ ಮಾಡಿ, ಮುಂಗಾಲು ಜೋಡಿಸಿ ಕುಳಿತುಬಿಟ್ಟಿತು. ಬಾಯಲ್ಲಿ ನೀರು ಸುರಿಯುತ್ತಿತ್ತು. ಮೆಟ್ಟಿಲ ಮೇಲೆ ಯಾರಾದರೂ ನಡೆದ ಸದ್ದಾದರೆ ಥಟ್ಟನೆ ಎದ್ದು ನಿಲ್ಲುವುದು, ಸದ್ದು ದೂರವಾದರೆ ಮತ್ತೆ ಕೂರುವುದು. ಕಿಟಕಿಗೆ ಬಂದ ಕಾಗೆಗೆ ಗುರ್ ಎಂದಿತು. ಸಂಜೆ ಅವಳು ಕೆಲಸದಿಂದ ಬಂದಾಗಲೂ ಅಲ್ಲೇ ಇತ್ತು. ಒಂದು ತುಂಡೂ ಕಡಿಮೆಯಾಗಿರಲಿಲ್ಲ. ಅವಳು ಬಟ್ಟಲನ್ನು ಎತ್ತಿ ಒಳಗಿಟ್ಟಾಗ ಅದು ಗಾಬರಿಯಿಂದ ಮನೆಯೆಲ್ಲ ಹುಡುಕಿ, ಕೊನೆಗೆ ಕಪಾಟಿನ ಕೆಳಗೆ ಮೂತಿ ತೂರಿಸಿಕೊಂಡು ಮಲಗಿತು. ಏನೋ ಅಪರಾಧ ಮಾಡಿದಂತೆ.

‘ಅಣ್ಣನಿಗಾಗಿ ಕಾಯುತ್ತಿದೆ’ ಎಂದು ಅವಳು ತಿಳಿದಳು. ಅದರ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ‘ನಾನೂ ಕಾಯುತ್ತಿದ್ದೇನೆ, ಗುಮಾಸ್ತ’ ಎಂದಳು. ಅವಳಿಗೆ ಅರ್ಥವಾದದ್ದರಲ್ಲಿ ಅರ್ಧ ತಪ್ಪು, ಅರ್ಧ ಅವಳದೇ ದುಃಖ.

ಮಂಗಳವಾರವೂ ಹಾಗೆಯೇ ಆಯಿತು. ಬುಧವಾರ ಜಿಮ್ ಮಾಸ್ತರ ಬಾಗಿಲಲ್ಲಿ ಇಣುಕಿ, ‘ಗಟ್ಟಿ ಪಿಂಡ ಇದು! ನೀವು ಇನ್ನೂ ಗಟ್ಟಿಯಾಗಿರಿ ಮೇಡಂ’ ಎಂದು ಹುರಿದುಂಬಿಸಿ ಹೋದ. ಗುರುವಾರ ಅವಳ ಗಟ್ಟಿತನ ಕರಗಿತು. ಒಂದು ಮೂಲೆಯಲ್ಲಿ ಹಸಿ ಮಾಂಸ, ಇನ್ನೊಂದು ಮೂಲೆಯಲ್ಲಿ ಬೇಯಿಸಿದ್ದು, ಎರಡನ್ನೂ ಇಟ್ಟು, ‘ಯಾವುದಾದರೂ ತಿನ್ನು, ನಿನ್ನ ಕಾಲು ಹಿಡಿಯುತ್ತೇನೆ’ ಎಂದಳು. ಗುಮಾಸ್ತ ಬೇಯಿಸಿದ್ದರ ಕಡೆ ಒಮ್ಮೆ ಆಸೆಯಿಂದ ನೋಡಿತು. ಆದರೆ ಹಸಿ ಮಾಂಸದ ಪಕ್ಕದಿಂದ ಕದಲಲಿಲ್ಲ. ಹಸಿಯದನ್ನು ಎತ್ತಿ ಒಳಗಿಟ್ಟರೆ ಅದನ್ನೇ ಹುಡುಕಿತು, ಬೇಯಿಸಿದ್ದಕ್ಕೆ ಮೂತಿ ಇಡಲಿಲ್ಲ. ಏಳಲು ಹೋದಾಗ ಹಿಂಗಾಲು ನಡುಗಿದ್ದನ್ನು ಅವಳು ಕಂಡಳು.

ಅಂದೇ ಪಶುವೈದ್ಯೆ ನಾಯಿಯ ಒಸಡು ಒತ್ತಿ, ಹೊಟ್ಟೆ ಮುಟ್ಟಿ, ಚರ್ಮದ ಕೆಂಪಿಗೆ ಮುಲಾಮು ಬರೆದುಕೊಟ್ಟು, ಕನ್ನಡಕದ ಮೇಲಿನಿಂದ ನೋಡಿದಳು.

‘ಹಸಿ ಮಾಂಸ ಪಾಪವೂ ಅಲ್ಲ, ಪವಾಡವೂ ಅಲ್ಲ. ಆದ್ರೆ ಹೀಗೆ ದಿಢೀರಂತ ಯಾಕ್ರೀ ಬದಲಾಯಿಸಿದ್ರಿ? ಉಪವಾಸ ಕೆಡವಿ ಯಾರಾದ್ರೂ ಊಟ ಕಲಿಸ್ತಾರಾ? ಇನ್ನೆರಡು ದಿನ ಹೀಗೇ ಇದ್ರೆ ನಾನು ನಳಿಕೆ ಹಾಕಿ ಇಲ್ಲೇ ಮಲಗಿಸ್ಕೋಬೇಕಾಗತ್ತೆ. ಭಾನುವಾರ ಎಲ್ಲಿಗೂ ಕರ್ಕೊಂಡು ಹೋಗೋ ಮಾತೇ ಇಲ್ಲ. ಮೊದಲು ಸಾಕಿದವರು ಯಾರು?’

‘ನಮ್ಮ ಅಣ್ಣ.’

‘ಅವರನ್ನ ಕೇಳಿದ್ರಾ?’

‘ಅವನಿಗೆ ಮಾತು ಬರುವುದಿಲ್ಲ.’

‘ಮಾತು ಬರಲ್ಲ ಅಂದ್ರೆ ಏನೂ ಗೊತ್ತಿಲ್ಲ ಅಂತಾನಾ? ನನ್ನ ಹತ್ರ ಬರೋ ಯಾರಿಗೆ ಮಾತು ಬರತ್ತೆ ಹೇಳಿ? ನಾನು ಅವ್ರನ್ನ ಕೇಳಲ್ವಾ?’

ತಂಗಿಯ ಮುಖ ಸುಟ್ಟಂತಾಯಿತು. ಮನೆಗೆ ಬಂದು, ಬಟ್ಟಲಿಗೆ ಬೆನ್ನು ಹಾಕಿ ಕುಳಿತು ಕಿಟಕಿಯ ಕಾಗೆಗೆ ಗುರ್ ಎನ್ನುವ ನಾಯಿಯನ್ನು ಫೋನಿನಲ್ಲಿ ಚಿತ್ರೀಕರಿಸಿಕೊಂಡಳು. ಶುಕ್ರವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ, ಏಳು ವರ್ಷಗಳಲ್ಲಿ ಮೊದಲ ಬಾರಿಗೆ, ಅಣ್ಣನನ್ನು ಏನನ್ನೋ ಕೇಳಲು ಹೊರಟಳು.

ವಾರ್ಡಿನಲ್ಲಿ ಊಟ ಮುಗಿದು ಹಣ್ಣು ಹಂಚಿದ್ದರು. ಅಣ್ಣನ ಪಾಲಿಗೆ ಬಾಳೆಹಣ್ಣು; ಪಕ್ಕದ ಮಂಚದ ನಿವೃತ್ತ ಅಂಚೆಯವನ ತಟ್ಟೆಯಲ್ಲಿ ಕಿತ್ತಳೆ. ಮಾತಿನ ಟೀಚರ್ ಎಂದು ಎಲ್ಲರೂ ಕರೆಯುತ್ತಿದ್ದ, ಮಾತು ಕಲಿಸುವಾಕೆ ಆಗಷ್ಟೇ ತನ್ನ ಬುಟ್ಟಿ ಎತ್ತಿಕೊಂಡು ಹೋಗುತ್ತಿದ್ದಳು; ಪೆನ್ನು, ಅಳತೆಯ ಟೇಪು, ರಬ್ಬರ್ ಸ್ಟಾಂಪು ಅದರಲ್ಲಿದ್ದವು. ‘ಇವತ್ತೂ ಏನೂ ಇಲ್ಲ’ ಎಂದು ತಂಗಿಗೆ ಕಣ್ಣಲ್ಲೇ ಹೇಳಿದಳು.

‘ಅಣ್ಣ, ಗುಮಾಸ್ತ ತಿನ್ನುತ್ತಿಲ್ಲ. ನೋಡು’ ಎಂದು ಅವಳು ಫೋನನ್ನು ಅವನ ಮುಖದ ಮುಂದೆ ಹಿಡಿದಳು. ‘ನಾನು ಹಸಿ ಮಾಂಸ ಹಾಕಿದೆ. ನಾಲ್ಕು ದಿನವಾಯಿತು. ಏನು ಮಾಡಬೇಕು ಹೇಳು.’

ಅಣ್ಣ ನೋಡಿದ. ಬಟ್ಟಲು, ಬೆನ್ನು ಹಾಕಿ ಕುಳಿತ ನಾಯಿ, ನೆಟ್ಟಗಿನ ಒಂದು ಕಿವಿ, ಕಾಗೆಗೆ ಗುರ್. ಅವನ ಮುಖದ ಸರಿಯಿದ್ದ ಅರ್ಧ ಮೊದಲು ನಡುಗಿತು. ಆಮೇಲೆ ಅವನು ನಕ್ಕ. ಏಳು ವಾರಗಳಲ್ಲಿ ಮೊದಲ ನಗು. ಸೊಟ್ಟಗಾದ ಬಾಯಿಂದ ಗೊರಗೊರ ಸದ್ದು ಮಾಡುತ್ತಾ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ತನ್ನ ಕೆಲಸದವನು ಯಜಮಾನ ಇಲ್ಲದಾಗಲೂ ಅಂಗಡಿ ನೋಡಿಕೊಳ್ಳುತ್ತಿದ್ದಾನೆ ಎಂದು ತಿಳಿದ ಯಜಮಾನನ ನಗು ಅದು. ಅಂಚೆಯವನು, ‘ಏನ್ರೀ, ಸಿನಿಮಾನಾ? ನಮಗೂ ತೋರಿಸಿ’ ಎಂದು ಕತ್ತು ಚಾಚಿದ.

ನಕ್ಕು ಮುಗಿದ ಮೇಲೆ ಅಣ್ಣ ಎಡಗೈ ಚಾಚಿ ಅಂಚೆಯವನ ತಟ್ಟೆಯಿಂದ ಕಿತ್ತಳೆಯನ್ನು ಎತ್ತಿಕೊಂಡ. ತನ್ನ ಮುಂದಿಟ್ಟುಕೊಂಡ. ಸುಲಿಯಲು ಹೋಗಿ ಕೈ ಹಿಂದಕ್ಕೆಳೆದ. ತಲೆ ಅಡ್ಡ ಆಡಿಸಿದ. ಅಂಚೆಯವನ ಕಡೆ ಬೆರಳು ತೋರಿದ; ಬಾಗಿಲ ಕಡೆ ತೋರಿದ; ಬೆನ್ನು ನೆಟ್ಟಗೆ ಮಾಡಿ, ಗುಮಾಸ್ತ ಕೂರುವಂತೆಯೇ ಕುಳಿತು ಬಾಗಿಲನ್ನು ನೋಡಿದ.

‘ಅಯ್ಯೋ, ನನ್ನ ಕಿತ್ತಳೆ!’ ಎಂದ ಅಂಚೆಯವನು.

ಅಣ್ಣ ಅದನ್ನು ಮರ್ಯಾದೆಯಿಂದ ಅವನ ತಟ್ಟೆಗೆ ಹಿಂತಿರುಗಿಸಿದ. ಈಗ ತನ್ನ ಬಾಳೆಹಣ್ಣನ್ನು ಮುಂದಿಟ್ಟುಕೊಂಡ. ಮುಷ್ಟಿಯನ್ನು ನಿಧಾನವಾಗಿ ಬಿಡಿಸಿ, ಅಂಗೈ ಮೇಲೆ ಮಾಡಿ, ತಂಗಿಯ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ: ‘ನಮ್ದು.’

ಆಗ ಅವಳಿಗೆ ತಿಳಿಯಿತು. ತಿಳಿದದ್ದು ಒಂದೇ ಏಟಿಗೆ, ಏಳು ವಾರದ್ದು, ಏಳು ವರ್ಷದ್ದು. ಅಂಗಡಿಯಲ್ಲಿ ಮೂತಿಯೆಟುಕಿನಲ್ಲಿ ತೂಗುವ ಮಾಂಸವನ್ನು ಆ ನಾಯಿ ಮರಿಯಿಂದಲೂ ಮುಟ್ಟಿರಲಿಲ್ಲ. ಹಸಿ ಮಾಂಸವೆಂದರೆ ಗಿರಾಕಿಯದು, ಗಿರಾಕಿ ಬಂದು ಒಯ್ಯುವವರೆಗೆ ಕಾಯಬೇಕಾದ ಸೊತ್ತು, ಕಾಯುವಾಗ ಉಣ್ಣುವುದಿಲ್ಲ. ಅಣ್ಣನೂ ಉಣ್ಣುತ್ತಿರಲಿಲ್ಲ, ಅದನ್ನು ಅವಳು ಚಿಕ್ಕಂದಿನಿಂದ ಕಂಡಿದ್ದಳು: ಕೊನೆಯ ಗಿರಾಕಿ ಹೋಗುವವರೆಗೆ ಅವನ ಬುತ್ತಿ ಮುಚ್ಚಿಯೇ ಇರುತ್ತಿತ್ತು. ಬಾಗಿಲು ಹಾಕಿದ ಮೇಲೆ, ಉಳಿದ ತುಂಡೊಂದನ್ನು ನಾಯಿಯ ಮುಂದಿಟ್ಟು, ಅಂಗೈ ಬಿಡಿಸಿ, ‘ನಮ್ದು’ ಎಂದಾಗಲೇ ಇಬ್ಬರಿಗೂ ಊಟ. ಜಿಮ್ ಮಾಸ್ತರನ ಹೊಸ ಪದ್ಧತಿ ಆ ಅಂಗಡಿಯಲ್ಲಿ ಸಂಜೆ ಸಂಜೆಯೂ ನಡೆದಿತ್ತು, ಇಂಥದೊಂದು ಮರ್ಯಾದೆಯೊಂದಿಗೆ. ವಾರ್ಡಿನಲ್ಲಿ ಅವನು ತಟ್ಟೆಯ ಮುಂದೆ ಹೇಳುತ್ತಿದ್ದದ್ದು ದೂರಲ್ಲ. ದಿನದ ಕೆಲಸ ಮುಗಿಯಿತು, ಯಾರದೂ ಬಾಕಿಯಿಲ್ಲ, ಇನ್ನು ಉಣ್ಣಬಹುದು ಎಂಬ ಅಪ್ಪಣೆ.

ಇಂಥವನ ಕಸುಬಿನ ಹೆಸರನ್ನು ನಾವು ಕರುಣೆಯಿಲ್ಲದವರಿಗೆ ಇಟ್ಟಿದ್ದೇವೆ!

ಅವಳು ಓಡುತ್ತಲೇ ಮನೆಗೆ ಬಂದಳು. ಬಟ್ಟಲು ಇಟ್ಟಳು. ಗುಮಾಸ್ತ ತೂರಾಡುತ್ತಾ ಬಂದು ಬೆನ್ನು ಹಾಕಿ ಕುಳಿತಿತು. ಅವಳು ಅದರೆದುರು ಮಂಡಿಯೂರಿ, ಅಂಗೈ ಬಿಡಿಸಿ, ಸ್ಪಷ್ಟವಾಗಿ ಹೇಳಿದಳು: ‘ನಮ್ಮದು.’

ನಾಯಿ ಅವಳನ್ನು ನೋಡಿತು. ಕದಲಲಿಲ್ಲ.

‘ನಮ್ಮದು, ಗುಮಾಸ್ತ. ಇದು ನಮ್ಮದು.’ ವರ್ಗೀಕರಣದ ಮೇಜಿನ ದನಿ ಅದು. ಪ್ರತಿ ಒತ್ತಕ್ಷರವೂ ತನ್ನ ಜಾಗದಲ್ಲಿ. ನಾಯಿಯ ಕಿವಿ ಅಲುಗಿತು, ಮತ್ತೆ ಬಾಗಿಲಿನತ್ತ ತಿರುಗಿತು. ಅವಳು ಅಂಗೈಯನ್ನು ಮೇಲೆ ಮಾಡಿದಳು, ಕೆಳಗೆ ಮಾಡಿದಳು, ಎಡಗೈಯಲ್ಲಿ ಹೇಳಿದಳು, ಬಲಗೈಯಲ್ಲಿ ಹೇಳಿದಳು. ಯಾವುದೂ ನಡೆಯಲಿಲ್ಲ. ನೆಲದ ಮೇಲೆಯೇ ಕುಸಿದು ಕುಳಿತು, ಮುಖ ಮುಚ್ಚಿಕೊಂಡು, ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದೆ ಹೇಳಿಕೊಂಡಳು: ‘ನಾನ್ ಏನ್ ಮಾಡ್ಲಿ ಅಣ್ಣಾ... ಬರ್ತಾ ಇಲ್ಲ ನಂಗೆ. ನಮ್ದು ಕಣೋ ಇದು. ನಮ್ದು.’

ಇಸ್ತ್ರಿ ಬಿಚ್ಚಿದ ಮಾತು. ಇಪ್ಪತ್ತೈದು ವರ್ಷ ಹಳೆಯದು.

ನೆಲದ ಮೇಲೆ ಉಗುರು ಗೀರಿದ ಸದ್ದಾಯಿತು. ಕೈ ತೆಗೆದು ನೋಡಿದರೆ ಗುಮಾಸ್ತ ತಿರುಗಿ ನಿಂತಿತ್ತು. ಬಟ್ಟಲಿಗೆ ಮೂತಿ ಇಟ್ಟಿತು, ಅವಳ ಮುಖ ಒಮ್ಮೆ ನೋಡಿತು, ತಿನ್ನತೊಡಗಿತು. ಅವಸರವಿಲ್ಲದೆ, ದಿನಗೂಲಿ ಮುಗಿಸಿದವರು ತಿನ್ನುವ ಹಾಗೆ. ಪಶುವೈದ್ಯೆ ಎಚ್ಚರಿಸಿದ್ದಂತೆ ಅವಳು ನಾಲ್ಕೇ ತುಂಡು ಇಟ್ಟಿದ್ದಳು. ಅದು ಬಟ್ಟಲನ್ನು ನೆಕ್ಕುವ ಸದ್ದನ್ನು ಕೇಳುತ್ತಾ ಅವಳು ಬಹಳ ಹೊತ್ತು ಅಲ್ಲೇ ಕುಳಿತಿದ್ದಳು.

ಭಾನುವಾರ ತೋಟದಲ್ಲಿ ಬಿಸಿಲಿತ್ತು. ಗಾಲಿಕುರ್ಚಿಯನ್ನು ದೂರದಿಂದ ಕಂಡ ಗುಮಾಸ್ತ ಹಗ್ಗ ಎಳೆದುಕೊಂಡು ಓಡಿತು. ಅಣ್ಣನ ಎಡಗೈ ಚಾಚಿತ್ತು; ನಾಯಿ ಅದನ್ನು ದಾಟಿ, ಮಡಿಲಲ್ಲಿ ಸತ್ತಂತೆ ಬಿದ್ದಿದ್ದ ಬಲಗೈಯನ್ನು ಹುಡುಕಿ, ಅದರ ಮೇಲೆ ಗಲ್ಲ ಊರಿತು. ಕತ್ತಿ ಹಿಡಿಯುತ್ತಿದ್ದ ಕೈ. ತಂಗಿ ಡಬ್ಬಿ ತೆರೆದು ಒಂದು ತುಂಡನ್ನು ಬೆಂಚಿನ ಮೇಲಿಟ್ಟಳು. ನಾಯಿ ಬೆನ್ನು ಹಾಕಿ ಕುಳಿತಿತು. ಅಣ್ಣ ತಂಗಿಯನ್ನು ನೋಡಿದ. ಹೇಳುವ ಸರದಿಯನ್ನು ಅವಳಿಗೆ ಬಿಟ್ಟುಕೊಟ್ಟ.

‘ನಮ್ದು’ ಎಂದಳು. ನಾಯಿ ತಿಂದಿತು.

ಪಕ್ಕದ ಬೆಂಚಿನಲ್ಲಿ ಇಸ್ತ್ರಿಯ ಕೋಟು ತೊಟ್ಟ ಸಜ್ಜನರೊಬ್ಬರಿದ್ದರು. ‘ಅಬ್ಬಬ್ಬಾ, ಎಂಥ ಶಿಸ್ತು! ಮಿಲಿಟರೀಲಿ ತರಬೇತಿ ಕೊಟ್ಟಿದ್ದಾ? ಯಾರಮ್ಮ ಇವರು?’

ಅದೇ ಪ್ರಶ್ನೆ. ತಂಗಿ ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚಿದಳು.

‘ನಮ್ಮಣ್ಣ’ ಎಂದಳು. ‘ಕಟುಕ. ಮಾಂಸದಂಗಡಿ ಇದೆ. ಅಂಗಡೀಲಿ ಬೆಳೆದ ನಾಯಿ ಇದು.’

‘ಓಹೋ... ಹಾಗಾ’ ಎಂದು ಅವರು ಕೋಟಿನ ಗುಂಡಿ ಹಾಕಿಕೊಂಡರು. ಅಣ್ಣ ನಾಯಿಯ ತಲೆ ಸವರುತ್ತಿದ್ದ ಕೈಯನ್ನು ನಿಲ್ಲಿಸಿದ್ದ.

ಗಾಲಿಕುರ್ಚಿ ತಳ್ಳಿಕೊಂಡು ಬಂದಿದ್ದ ಮಾತಿನ ಟೀಚರ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ‘ಕಟುಕರಾ? ನೀವು ವ್ಯಾಪಾರ ಅಂತ ಬರ್ದಿದೀರಲ್ರೀ! ಕೈ ಮಾಡಿದ ಕೆಲಸ ಹಿಡ್ಕೊಂಡೇ ಮಾತು ವಾಪಸ್ ಬರೋದು. ಏಳು ವಾರದಿಂದ ನಾನು ಇವ್ರ ಮುಂದೆ ರಬ್ಬರ್ ಸ್ಟಾಂಪ್ ಆಡಿಸ್ತಾ ಕೂತಿದೀನಿ! ಮೊದಲೇ ಹೇಳ್ಬಾರ್ದಿತ್ತಾ?’

ಹೇಳಬೇಕಿತ್ತು. ಏಳು ವಾರ ಅವನ ಮುಂದೆ ಯಾರದೋ ಸಾಮಾನು ಇಟ್ಟು, ಇದನ್ನು ಗುರುತಿಸು ಎಂದು ಪೀಡಿಸಲಾಗಿತ್ತು. ಒಬ್ಬ ತಂಗಿ ಒಂದು ಅಂಕಣದಲ್ಲಿ ಒಂದು ಪದ ಬರೆಯಲು ನಾಚಿದ್ದರಿಂದ. ತಂಗಿ ಅರ್ಜಿ ತರಿಸಿ, ‘ವ್ಯಾಪಾರ’ವನ್ನು ಅಡ್ಡಗೆರೆ ಎಳೆದು ಹೊಡೆದು ಹಾಕಿ, ಮೇಲೆ ‘ಕಟುಕ’ ಎಂದು ದುಂಡಗೆ ಬರೆದಳು. ಆಮೇಲೆ ಚೀಲದಿಂದ ಕಂದು ಕಾಗದದ ಒಂದು ಹಾಳೆಯನ್ನು ತೆಗೆದು ಅಣ್ಣನ ಮಡಿಲ ಮೇಲೆ ಹರಡಿದಳು; ನಡುವೆ ಒಂದು ಪುಸ್ತಕ ಇಟ್ಟಳು. ಅವನು ಕಾಗದವನ್ನು ಮುಟ್ಟಿದ. ಎಡಗೈ ಬೆರಳುಗಳು ತಡಕಾಡಿ ಒಂದು ಮೂಲೆಯನ್ನು ಹಿಡಿದವು. ಇನ್ನೊಂದು ಮೂಲೆ ಜಾರಿತು. ಅವಳು ಮಂಡಿಯೂರಿ ಆ ತುದಿಯನ್ನು ಹಿಡಿದುಕೊಂಡಳು. ಅಲ್ಲಾಡಿಸಲಿಲ್ಲ.

ಅಣ್ಣ ಮೂಲೆ ಮಡಚಿದ. ಉಗುರಿನಿಂದ ಗೆರೆ ತೀಡಿದ. ಅವನ ತುಟಿಗಳು ಒಂದರ ಮೇಲೊಂದು ಕೂಡಿ, ಬಿಟ್ಟು, ಮತ್ತೆ ಕೂಡಿದವು.

‘ನೀ...’ ಎಂದ.

ಮಾತಿನ ಟೀಚರ್ ಉಸಿರು ಬಿಗಿಹಿಡಿದು ಕೇಳಿದಳು: ‘ನೀರಾ ಅಣ್ಣಾ? ನೀರು ಬೇಕಾ?’

ಅವನು ತಲೆ ಅಡ್ಡ ಆಡಿಸಿದ. ತಂಗಿಯ ಮುಖ ನೋಡುತ್ತಾ ಮತ್ತೊಮ್ಮೆ, ‘ನೀ...’ ಎಂದ. ಮುಂದಿನ ಅಕ್ಷರ ಬರಲಿಲ್ಲ. ಅದು ‘ವು’ ಆಗಿರಬಹುದು. ‘ನು’ ಆಗಿರಬಹುದು. ಆ ಎರಡರ ನಡುವೆ ಎಷ್ಟು ದೂರವಿದೆಯೆಂದು ಆ ತೋಟದಲ್ಲಿ ತಿಳಿದಿದ್ದವರು ಇಬ್ಬರೇ.

ಆಮೇಲೆ ಮೂರು ಭಾನುವಾರಗಳು ಕಳೆದಿವೆ. ನಾಯಿಯ ಹೊಟ್ಟೆಯ ಮೇಲೆ ಕೂದಲು ಹುಟ್ಟುತ್ತಿದೆ. ಅದು ಬೆಳಿಗ್ಗೆ ಬೇಯಿಸಿದ್ದನ್ನೂ ಸಂಜೆ, ಅಪ್ಪಣೆಯಾದ ಮೇಲೆ, ಹಸಿಯದನ್ನೂ ತಿನ್ನುತ್ತದೆ. ಜಿಮ್ ಮಾಸ್ತರ ಅದು ತನ್ನ ಸಲಹೆಯ ಫಲವೆಂದು ಮೆಟ್ಟಿಲ ಮೇಲೆಲ್ಲ ಸಾರಿದ್ದಾನೆ. ಮಾತಿನ ಟೀಚರಿನ ಬುಟ್ಟಿಯಲ್ಲಿ ಈಗ ಮರದ ಕತ್ತಿ, ಪುಟ್ಟ ಕೊರಡು, ಕಂದು ಕಾಗದದ ಸುರುಳಿ ಇವೆ. ತಂಗಿ ವಾರವಾರವೂ ಕಾಗದದ ತುದಿ ಹಿಡಿದು ಕೂರುತ್ತಾಳೆ, ಒಂದು ಅಕ್ಷರಕ್ಕಾಗಿ ಕಾಯುತ್ತಾಳೆ. ಅದು ಬಂದೀತೆಂದು ಯಾರೂ ಮಾತು ಕೊಟ್ಟಿಲ್ಲ.

ನಿಮ್ಮನ್ನು ಕೇಳುವುದು ಇಷ್ಟೇ. ನಿಮ್ಮನ್ನು ಬೆಳೆಸಿದ ಕೈಯ ಕಸುಬನ್ನು ನೀವೂ ಯಾವುದೋ ಅರ್ಜಿಯಲ್ಲಿ, ಯಾರ ಮುಂದೆಯೋ, ‘ವ್ಯಾಪಾರ’ವೆಂದೋ ‘ಸ್ವಂತ ಕೆಲಸ’ವೆಂದೋ ‘ಪರಿಚಯ’ವೆಂದೋ ಬರೆದು ದಾಟಿದ್ದೀರಿ. ಆ ಕೈ ಇನ್ನೂ ಬೆಚ್ಚಗಿದ್ದರೆ, ಆ ಜೀವದ ಬಾಯಲ್ಲಿ ಇನ್ನೂ ಮಾತಿದ್ದರೆ, ಇದನ್ನು ಓದಿ ಮುಗಿಸಿ ಸುಮ್ಮನೆ ಕೂರಬೇಡಿ. ಈ ಪುಟವನ್ನು ಮುಚ್ಚಿ, ಇಂದೇ ಎದ್ದು ಹೋಗಿ, ಆ ಅಂಕಣವನ್ನು ತಿದ್ದಿ ಬನ್ನಿ.